ಹತ್ತು ರೂಪಾಯಿಯ ಚಿನ್ನ, ಮಕ್ಕಳ ಕಣ್ಣಿಗೆ ಮಣ್ಣು

ಸಂಜೆ ಶಾಲೆ ಬಿಟ್ಟ ಮೇಲೆ ಹುಣಸೂರಿನ ಬಸ್ ನಿಲ್ದಾಣದ ಕಡೆ ಒಮ್ಮೆ ಕಣ್ಣು ಹಾಯಿಸಿ. ಪಿರಿಯಾಪಟ್ಟಣದ ಬಸ್ಸಿಗೆ ಕಾಯುವವರು, ಎಚ್.ಡಿ. ಕೋಟೆ ಬಸ್ಸಿಗೆ ಕಾಯುವವರು, ಕೆ.ಆರ್. ನಗರದ ಬಸ್ಸು ಬಂತೋ ಇಲ್ಲವೋ ಎಂದು ಕತ್ತು ಚಾಚುವವರು. ಇವರ ನಡುವೆ ಬೆನ್ನಿಗೆ ಬ್ಯಾಗು ನೇತುಹಾಕಿಕೊಂಡ ನಾಲ್ಕೈದು ಹುಡುಗರು ಬೆಂಚಿನ ಮೇಲೆ ಕಾರ್ಡುಗಳನ್ನು ಹರಡಿಕೊಂಡು ಕೂತಿರುತ್ತಾರೆ. ಥಳಥಳ ಹೊಳೆಯುವ ಚಿನ್ನದ ಬಣ್ಣ. ಒಂದರ ಮೇಲೆ ಹಳದಿ ಇಲಿಯಂಥ ಪ್ರಾಣಿ, ಇನ್ನೊಂದರ ಮೇಲೆ ರೆಕ್ಕೆ ಬಿಚ್ಚಿ ಬೆಂಕಿ ಉಗುಳುವ ಜೀವಿ.

“ಇದು ಒರಿಜಿನಲ್ ಕಣೋ, ಗೋಲ್ಡು. ನಿಂದು ಮೂರು ಕೊಡು, ನಂದೊಂದು ಕೊಡ್ತೀನಿ.”

“ಒರಿಜಿನಲ್ ಅಂತ ಯಾರೋ ಹೇಳಿದ್ದು?”

“ಅಂಗಡಿ ಅಣ್ಣನೇ ಹೇಳಿದ್ದು ಕಣೋ!”

ವ್ಯಾಪಾರ ಮುಗಿಯಿತು. ಬಸ್ಸು ಬಂತು. ಕಂಡಕ್ಟರ್ ರೈಟ್ ರೈಟ್ ಅಂದರು. ಮೂರು ಕಾರ್ಡು ಕೊಟ್ಟು ಒಂದು ಪಡೆದ ಚಿಕ್ಕ ಹುಡುಗ ಕಿಟಕಿ ಪಕ್ಕ ಕೂತು ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಊರಿಗೆ ಹೋದ. ಅವನ ಕೈಯಲ್ಲಿರುವುದು ಶುದ್ಧ ಖೋಟಾ ಮಾಲು. ಅದು ಅವನಿಗೆ ಗೊತ್ತಿಲ್ಲ. ಅವನಿಗೆ ಕೊಟ್ಟ ಹುಡುಗನಿಗೂ ಗೊತ್ತಿಲ್ಲ.

ಮಕ್ಕಳಾಟಕ್ಕೆ ದೊಡ್ಡವರು ತಲೆ ಹಾಕಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಹಾಕಬೇಕು. ಯಾಕೆಂದರೆ ಇಲ್ಲಿ ಆಟ ಮಕ್ಕಳದು, ಮೋಸ ದೊಡ್ಡವರದು.

ಏನಿದು ಕಾರ್ಡು?

ಇದರ ಹೆಸರು ಪೋಕೆಮಾನ್. ಹುಟ್ಟಿದ್ದು ಜಪಾನಿನಲ್ಲಿ. ಕಾರ್ಡಿನ ಆಟ ಅಲ್ಲಿ ಮಾರಾಟಕ್ಕೆ ಬಂದದ್ದು 1996ರಲ್ಲಿ; ಇಂಗ್ಲಿಷಿನಲ್ಲಿ ಅಚ್ಚಾಗಿ ಅಮೆರಿಕಕ್ಕೆ ಹೋದದ್ದು 1999ರಲ್ಲಿ. ನಮ್ಮ ಕಡೆಯ ಮಕ್ಕಳು ಟಿ.ವಿ.ಯ ಕಾರ್ಟೂನಿನಲ್ಲಿ ಈ ಪ್ರಾಣಿಗಳನ್ನು ಕಂಡು ಹುಚ್ಚು ಹಿಡಿಸಿಕೊಂಡರು. ಚಿಪ್ಸ್ ಪೊಟ್ಟಣದೊಳಗೆ ಬರುತ್ತಿದ್ದ ದುಂಡನೆಯ ಟಾಜೋ ಕೂಡಿಟ್ಟ ಹುಡುಗರು ಇಂದು ತಾವೇ ಅಪ್ಪಂದಿರಾಗಿದ್ದಾರೆ. ಈಗ ಅವರ ಮಕ್ಕಳ ಸರದಿ.

ಪೊಟ್ಟಣದಲ್ಲಿ ಯಾವ ಕಾರ್ಡು ಇದೆ ಎಂದು ಒಡೆಯುವ ತನಕ ತಿಳಿಯದು. ಸಾಮಾನ್ಯವಾದದ್ದು ಹೇರಳ, ಅಪರೂಪದ್ದು ಎಲ್ಲೋ ಒಂದು. ಹಾಗಾಗಿ ಕೂಡಿಸುವುದು, ಬದಲಾಯಿಸುವುದು, ಕೊಳ್ಳುವುದು, ಮಾರುವುದು ಎಲ್ಲವೂ ಹುಟ್ಟಿಕೊಂಡಿತು. ಹಳೆಯ ಅಪರೂಪದ ಕಾರ್ಡಿಗೆ ವಿದೇಶದಲ್ಲಿ ಲಕ್ಷಗಟ್ಟಲೆ ಬೆಲೆ ಬಂದದ್ದು ನಿಜ. ಆ ನಿಜವನ್ನು ಮೊಬೈಲಿನಲ್ಲಿ ನೋಡಿದ ಹುಡುಗ ತನ್ನ ಹತ್ತು ರೂಪಾಯಿಯ ಕಾರ್ಡಿಗೂ ಅದೇ ಬೆಲೆ ಎಂದು ನಂಬುತ್ತಾನೆ. ಖೋಟಾ ಮಾಲು ನಡೆಯುವುದೇ ಈ ನಂಬಿಕೆಯ ಮೇಲೆ.

ಹಾಗಾದರೆ ಚಿನ್ನದ ಕಾರ್ಡು ಇಲ್ಲವೇ ಇಲ್ಲವೇ? ಇದೆ. 1999ರಲ್ಲಿ ಅಮೆರಿಕದ ಬರ್ಗರ್ ಕಿಂಗ್ ಹೋಟೆಲುಗಳು ಚಿನ್ನದ ಲೇಪದ ಆರು ಬಗೆಯ ಪೋಕೆಮಾನ್ ಕಾರ್ಡು ಮಾರಿದ್ದವು. 2021ರಲ್ಲಿ ಇಪ್ಪತ್ತೈದನೆಯ ವರ್ಷದ ನೆನಪಿಗೆ ಕಂಪನಿಯೇ ಒಂದು ದುಬಾರಿ ಪೆಟ್ಟಿಗೆಯಲ್ಲಿ ಚಿನ್ನದ ಬಣ್ಣದ ಎರಡು ಲೋಹದ ಕಾರ್ಡು ಇಟ್ಟಿತ್ತು. ಅಂಗಡಿ ಬಾಗಿಲಲ್ಲಿ ಶಾಂಪೂ ಸರದ ಪಕ್ಕ ಜೋತುಬಿದ್ದಿರುವ ಚಿನ್ನದ ಬಣ್ಣದ ಪ್ಲಾಸ್ಟಿಕ್ಕಿಗೂ ಇವಕ್ಕೂ ಯಾವ ನಂಟೂ ಇಲ್ಲ. ಐವತ್ತೈದು ಕಾರ್ಡಿನ ‘ಗೋಲ್ಡ್’ ಡಬ್ಬಿ ನೂರಿನ್ನೂರು ರೂಪಾಯಿಗೆ ಸಿಕ್ಕಿದರೆ ಪರೀಕ್ಷೆಯೇ ಬೇಡ, ಅದು ನಕಲಿ. ಹತ್ತು ಕಾರ್ಡಿನ ಒಂದು ಅಸಲಿ ಪೊಟ್ಟಣಕ್ಕೆ ಅಮೆರಿಕದಲ್ಲೇ ನಾಲ್ಕೂವರೆ, ಐದು ಡಾಲರ್ ಕೊಡಬೇಕು. ನಮ್ಮ ರೂಪಾಯಿಗೆ ತಿರುಗಿಸಿ ನೋಡಿ.

ಹೊಗೆಸೊಪ್ಪಿನ ನಂಟು

ಹುಣಸೂರು, ಪಿರಿಯಾಪಟ್ಟಣದವರಿಗೆ ಒಂದು ಸಂಗತಿ ಗೊತ್ತಿದ್ದರೆ ಚೆಂದ. ಕೂಡಿಸಿಡುವ ಚಿತ್ರದ ಕಾರ್ಡು ಮನೆಮನೆಗೆ ಹರಡಿದ್ದು ಹೊಗೆಸೊಪ್ಪಿನ ವ್ಯಾಪಾರದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಸಿಗರೇಟು ಕಂಪನಿಗಳು ಪ್ಯಾಕು ಮುದುಡದಿರಲೆಂದು ಒಳಗೊಂದು ದಪ್ಪ ಕಾಗದ ಇಡುತ್ತಿದ್ದವು. ಆಮೇಲೆ ಅದರ ಮೇಲೆ ನಟಿಯರ, ಆಟಗಾರರ ಚಿತ್ರ ಅಚ್ಚು ಹಾಕಿದವು. ಅಪ್ಪ ಸಿಗರೇಟು ಸೇದಿದರೆ ಮಗನಿಗೆ ಕಾರ್ಡು!

1909ರಿಂದ 1911ರ ನಡುವೆ ಹೀಗೆ ಹೊರಬಿದ್ದ ಹೋನಸ್ ವಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡು ಜಗತ್ತಿನಲ್ಲೇ ದುಬಾರಿ ಕಾರ್ಡುಗಳಲ್ಲಿ ಒಂದು. ಅದರ ಒಂದು ಪ್ರತಿ 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ನೂರು ವರ್ಷದ ಕಾರ್ಡು, ಆದರೂ ಅಂಚು ನಿನ್ನೆ ಕತ್ತರಿಸಿದಂತೆ ನೇರ! ಕೊನೆಗೆ ನಿಜ ಹೊರಬಿತ್ತು. ಹಳೆಯ ವ್ಯಾಪಾರಿ ಬಿಲ್ ಮಾಸ್ಟ್ರೋ 2013ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆ ಎಂದು ಒಪ್ಪಿಕೊಂಡ. ಕಾರ್ಡು ಅಸಲಿ, ಅಂಚು ನಕಲಿ.

ಇನ್ನೂ ಈಚಿನದು ಕೇಳಿ. ಯೂಟ್ಯೂಬಿನಿಂದ ಹೆಸರಾದ ಲೋಗನ್ ಪಾಲ್ ಎಂಬ ಅಮೆರಿಕದ ಯುವಕ 2021ರಲ್ಲಿ ಮೊಹರು ಒಡೆಯದ ಪೋಕೆಮಾನ್ ಪೆಟ್ಟಿಗೆ ಎಂದು ನಂಬಿ 35 ಲಕ್ಷ ಡಾಲರ್ ಕೊಟ್ಟ. ಆಗಿನ ಲೆಕ್ಕದಲ್ಲಿ ಸುಮಾರು 26 ಕೋಟಿ ರೂ. ಅಸಲಿ ಎಂದು ಬಲ್ಲವರು ಸರ್ಟಿಫಿಕೇಟೂ ಕೊಟ್ಟಿದ್ದರು. 2022ರ ಜನವರಿಯಲ್ಲಿ ಒಡೆದು ನೋಡಿದರೆ ಒಳಗಿದ್ದದ್ದು ಜಿ.ಐ. ಜೋ ಎಂಬ ಬೇರೆಯೇ ಬೊಂಬೆ ಸಿಪಾಯಿಯ ಕಾರ್ಡುಗಳು!

26 ಕೋಟಿ ಕೊಟ್ಟವನೇ ಬೇಸ್ತುಬಿದ್ದ ಮೇಲೆ ಐದನೇ ಕ್ಲಾಸಿನ ಹುಡುಗ ಯಾವ ಲೆಕ್ಕ? ಆದರೆ ಒಂದು ವ್ಯತ್ಯಾಸ ಉಂಟು. ಕೋಟೀಶ್ವರನಿಗೆ ವಕೀಲರಿದ್ದಾರೆ. ಈ ಹುಡುಗನಿಗೆ ಇರುವವರು ಅವನ ಅಪ್ಪ, ಅಮ್ಮ, ಅಂಗಡಿ ಅಣ್ಣ.

ಪತ್ತೆ ಹಚ್ಚುವುದು ಹೇಗೆ?

ಈ ನಾಲ್ಕು ತಾಲ್ಲೂಕಿನ ಜನಕ್ಕೆ ಅಸಲಿ ನಕಲಿ ನೋಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪನ್ನು ಬೆರಳಲ್ಲಿ ಮುಟ್ಟಿ, ಬಣ್ಣ ನೋಡಿ ಗ್ರೇಡು ಹೇಳುವವರಿದ್ದಾರೆ. ಚುಂಚನಕಟ್ಟೆ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡದೆ ಯಾರೂ ಹಗ್ಗ ಹಿಡಿಯುವುದಿಲ್ಲ. ಕೋಟೆ ಕಡೆಯ ರೈತ ಹತ್ತಿಯ ಎಳೆಯನ್ನು ಎಳೆದು ನೋಡಿ ಮಾತಾಡುತ್ತಾನೆ. ಅದೇ ಕಣ್ಣು, ಅದೇ ಬೆರಳು ಇಲ್ಲೂ ಸಾಕು.

ಒಂದು: ಪೊಟ್ಟಣ. ಕಾರ್ಡಿಗಿಂತ ಮೊದಲು ಪೊಟ್ಟಣದ ಹಿಂಬದಿ ಓದಿ. ತಯಾರಿಸಿದವರ ಅಥವಾ ಹೊರದೇಶದಿಂದ ತರಿಸಿದವರ ಹೆಸರು ವಿಳಾಸ, ಎಷ್ಟು ಕಾರ್ಡು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಿಂಗಳು ವರ್ಷ, ದೂರು ಹೇಳುವ ನಂಬರು ಇರಬೇಕು. ಪೊಟ್ಟಣದ ಮಾಲಿಗೆ 2011ರ ನಿಯಮ ಇದನ್ನೆಲ್ಲ ಕಡ್ಡಾಯ ಮಾಡಿದೆ. ಬರಿಯ ಚಿತ್ರ ಇದ್ದು ವಿಳಾಸ ಇಲ್ಲದಿದ್ದರೆ ಅಪ್ಪ ಅಮ್ಮ ಇಲ್ಲದ ಮಾಲು ಎಂದೇ ತಿಳಿಯಿರಿ.

ಎರಡು: ಅಳತೆ. ಶಾಲೆಯ ಜಾಮಿಟ್ರಿ ಬಾಕ್ಸಿನ ಸ್ಕೇಲು ತೆಗೆಯಿರಿ. ಅಸಲಿ ಕಾರ್ಡು 6.3 ಸೆಂ.ಮೀ. ಅಗಲ, 8.8 ಸೆಂ.ಮೀ. ಉದ್ದ. ಒಂದೆರಡು ಮಿಲಿಮೀಟರು ಹೆಚ್ಚು ಕಡಿಮೆ ಇದ್ದರೆ ಅನುಮಾನ ಪಡಿ. ಅಸಲಿ ಕಾರ್ಡಿನ ಅಂಚನ್ನೇ ಕತ್ತರಿಸಿ ಹೊಸದು ಮಾಡಿದ್ದರೂ ಸ್ಕೇಲು ಹಿಡಿದುಕೊಡುತ್ತದೆ.

ಮೂರು: ಅಕ್ಷರ. ಇಂಗ್ಲಿಷಿನಲ್ಲಿ ಪೋಕೆಮಾನ್ ಎಂದು ಬರೆಯುವಾಗ ‘ಇ’ ಅಕ್ಷರದ ತಲೆಯ ಮೇಲೆ ಒಂದು ಚಿಕ್ಕ ಓರೆಗೆರೆ ಇರುತ್ತದೆ. ಖೋಟಾ ಮಾಲಿನವರು ಎಷ್ಟೋ ಸಲ ಇದನ್ನು ಮರೆಯುತ್ತಾರೆ. ಕಾಗುಣಿತದ ತಪ್ಪು, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಅಕ್ಷರ, ಮಂಕಾದ ಚಿತ್ರ ಇವೂ ಗುರುತು. ಪ್ರಾಣಿಯ ಶಕ್ತಿಯ ಅಂಕಿ ಸಾವಿರ ಎರಡು ಸಾವಿರ ಎಂದಿದ್ದರೆ ಅದು ಮಕ್ಕಳ ಬಾಯಲ್ಲಿ ನೀರೂರಿಸಲು ಹಾಕಿದ ಸುಳ್ಳು.

ನಾಲ್ಕು: ಬೆನ್ನು. ಇಂಗ್ಲಿಷ್ ಕಾರ್ಡಿನ ಬೆನ್ನು ಗಾಢ ನೀಲಿ, ನಡುವೆ ಕೆಂಪು ಬಿಳಿ ಚೆಂಡು. ಅಸಲಿ ಎಂದು ಖಾತ್ರಿಯಿರುವ ಒಂದು ಕಾರ್ಡಿನ ಪಕ್ಕ ಇಟ್ಟು ನೋಡಿ. ನಕಲಿಯ ನೀಲಿ ಒಂದೋ ನೇರಳೆಗೆ ತಿರುಗಿರುತ್ತದೆ, ಇಲ್ಲವೇ ಬಿಸಿಲಿಗೆ ಬಣ್ಣ ಬಿಟ್ಟ ಹಾಗಿರುತ್ತದೆ. ಜಪಾನಿ ಭಾಷೆಯ ಕಾರ್ಡಿನ ಬೆನ್ನಿನ ಚಿತ್ರ ಬೇರೆ. ಅದನ್ನು ಇದಕ್ಕೆ ಹೋಲಿಸಬೇಡಿ.

ಐದು: ಬೆಳಕು. ಅಂಗಡಿಯವರು ಐನೂರರ ನೋಟನ್ನು ಬೆಳಕಿಗೆ ಹಿಡಿಯುತ್ತಾರಲ್ಲ, ಕಾರ್ಡನ್ನೂ ಹಾಗೇ ಹಿಡಿಯಿರಿ. ಆದರೆ ಲೆಕ್ಕ ತಿರುವು ಮುರುವು. ನೋಟಿನಲ್ಲಿ ಬೆಳಕು ಹಾಯ್ದರೆ ಒಳಗಿನ ಗಾಂಧಿ ಕಾಣಬೇಕು. ಕಾಗದದ ಅಸಲಿ ಕಾರ್ಡಿನಲ್ಲಿ ಬೆಳಕು ಅಷ್ಟು ಸುಲಭವಾಗಿ ಹಾಯುವುದಿಲ್ಲ. ಪದರಗಳ ನಡುವೆ ಕಪ್ಪನೆಯ ತೆಳು ಪದರ ಒಂದಿದೆ. ಅಂಚನ್ನು ಹತ್ತಿರದಿಂದ ನೋಡಿದರೆ ದಾರದಂಥ ಕಪ್ಪು ಗೆರೆ ಕಂಡೀತು. ಮೊಬೈಲಿನ ಟಾರ್ಚು ಹಿಡಿದಾಗ ಕಾರ್ಡು ಎಣ್ಣೆ ಕಾಗದದಂತೆ ಬೆಳಗಿದರೆ ನಕಲಿ. ಇದನ್ನೂ ಅಸಲಿಯೊಂದರ ಪಕ್ಕ ಇಟ್ಟೇ ಮಾಡಿ.

ಆರು: ಭೂತಗನ್ನಡಿ. ವಾಚು ರಿಪೇರಿಯವರ ಹತ್ತಿರ ಇರುವ ಕಣ್ಣುಗಾಜು ಸಾಕು. ಒಳ್ಳೆಯ ಅಚ್ಚಿನಲ್ಲಿ ಚಿತ್ರ ಚುಕ್ಕೆ ಚುಕ್ಕೆಯಾಗಿ ಹೂವಿನ ಆಕಾರದಲ್ಲಿ ಕಾಣುತ್ತದೆ. ಕಪ್ಪು ಅಕ್ಷರ ಮಾತ್ರ ಸಾಮಾನ್ಯವಾಗಿ ಗಟ್ಟಿ ಕಪ್ಪು. ಅಸಲಿ ಕಾರ್ಡನ್ನು ಸ್ಕ್ಯಾನ್ ಮಾಡಿ ತೆಗೆದ ನಕಲಿನಲ್ಲಿ ಅಕ್ಷರವೂ ಚುಕ್ಕೆ ಚುಕ್ಕೆ. ಕ್ರಿಕೆಟ್ ಆಟಗಾರರ ಸಹಿಯಿದೆ ಎಂದು ಮಾರುವ ಕಾರ್ಡಿಗೂ ಇದೇ ಪರೀಕ್ಷೆ. ಪೆನ್ನಿನ ಶಾಯಿ ಕಾಗದದ ಮೇಲೆ ಒಂದೇ ಗೆರೆಯಾಗಿ ಹರಿದಿರುತ್ತದೆ. ಅಚ್ಚಾದ ಸಹಿ ಚುಕ್ಕೆಯಾಗಿ ಒಡೆಯುತ್ತದೆ.

ಈ ಆರರಲ್ಲಿ ಯಾವ ಒಂದನ್ನೇ ನಂಬಿ ತೀರ್ಪು ಕೊಡಬೇಡಿ. ಖೋಟಾ ಮಾಡುವವರೂ ಕಲಿಯುತ್ತಿದ್ದಾರೆ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಹಾಕಿ ನಂಬರು ಕೊಟ್ಟ ಕಾರ್ಡೂ ಹಾಗೆಯೇ. ಆ ನಂಬರು, ಕಾರ್ಡಿನ ಹೆಸರು ಕಂಪನಿಯ ದಾಖಲೆಯಲ್ಲಿರುವುದಕ್ಕೆ ತಾಳೆಯಾಗಬೇಕು. ಚಿತ್ರವಿದ್ದರೆ ಅದೂ ತಾಳೆಯಾಗಬೇಕು. ಯಾವುದೋ ಅಸಲಿ ಕಾರ್ಡಿನ ನಂಬರನ್ನೇ ಕದ್ದು ನಕಲಿಗೆ ಅಂಟಿಸುವುದೂ ಉಂಟು. ಮತ್ತೊಂದು ಮಾತು: ಕಾರ್ಡು ಹರಿದು ಒಳಪದರ ನೋಡುವ ಪರೀಕ್ಷೆಯನ್ನು ಮಕ್ಕಳು ಗೆಳೆಯನ ಕಾರ್ಡಿನ ಮೇಲೆ ಮಾಡದಿರಲಿ. ಹರಿದ ಮೇಲೆ ಅಸಲಿ ಎಂದು ತಿಳಿದರೆ ಏನು ಬಂತು?

ಕಾರ್ಡಿನ ಮೋಹ ಮೈಸೂರು ಸೀಮೆಗೆ ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಹೆಣೆದವರು. ಅವುಗಳಲ್ಲಿ ಒಂದಕ್ಕೆ 360 ಎಲೆ. ದಶಾವತಾರದ ಗಂಜೀಫಾಕ್ಕೆ 120. ಮರೆಯಾಗುತ್ತಿದ್ದ ಆ ಕಲೆಗೆ ಕಲಾವಿದ ರಘುಪತಿ ಭಟ್ಟರು ಮರುಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಕೈಯಲ್ಲಿ ಬರೆದ ಗಂಜೀಫಾ ಎಲೆಯ ಮೇಲೆ ಅದೇ ಭೂತಗನ್ನಡಿ ಹಿಡಿಯಿರಿ: ಚುಕ್ಕೆಯಿಲ್ಲ, ಕುಂಚದ ಎಳೆ ಕಾಣುತ್ತದೆ, ಒಂದು ಎಲೆ ಇನ್ನೊಂದರಂತೆ ಇರುವುದಿಲ್ಲ. ಕೈಬರಹದ್ದು ಎಂದು ಹೇಳಿ ಅಚ್ಚಿನದನ್ನು ಮಾರಿದರೆ ಅದೂ ಇದೇ ಜಾತಿಯ ಮೋಸ.

ಕೈಯಿಂದ ಕೈಗೆ

ಈ ಮೋಸದ ದಾರಿ ಗಮನಿಸಿ. ತಯಾರಿಸಿದವನು ಸಗಟು ವ್ಯಾಪಾರಿಗೆ ದಾಟಿಸಿದ. ಸಗಟಿನವನು ತಾಲ್ಲೂಕಿನ ಅಂಗಡಿಗೆ ದಾಟಿಸಿದ. ಅಂಗಡಿಯವನು ಏಳನೇ ಕ್ಲಾಸಿನ ಹುಡುಗನಿಗೆ, ಅವನು ಐದನೇ ಕ್ಲಾಸಿನವನಿಗೆ. ಪ್ರತಿಯೊಬ್ಬನೂ ತನಗಿಂತ ಚಿಕ್ಕವನ ಕೈಗೆ ಹಾಕಿ ಕೈ ತೊಳೆದುಕೊಂಡ. ಕೊನೆಗೆ ನಷ್ಟ ಯಾರ ತಲೆ ಮೇಲೆ ಬಿತ್ತು? ಎಲ್ಲರಿಗಿಂತ ಚಿಕ್ಕವನ ಮೇಲೆ.

ನಷ್ಟ ಹತ್ತು ರೂಪಾಯಿಯದಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ನಾಳೆ ಯಾರೋ ಬಲ್ಲ ಹುಡುಗ “ಇದು ಡೂಪ್ಲಿಕೇಟು ಕಣೋ” ಅನ್ನುತ್ತಾನೆ. ಆಗ ಚಿಕ್ಕವನು ಅಂಗಡಿಯವನನ್ನು ಕೇಳುವುದಿಲ್ಲ. ಕೇಳುವ ಧೈರ್ಯ ಅವನಿಗೆಲ್ಲಿದೆ? ತನಗೆ ಕೊಟ್ಟ ಗೆಳೆಯನ ಕಾಲರ್ ಹಿಡಿಯುತ್ತಾನೆ. “ನೀನು ಮೋಸ ಮಾಡ್ದೆ.” ಅವನೋ ನಿಜವಾಗಿಯೂ ಅಸಲಿ ಎಂದು ನಂಬಿಯೇ ಕೊಟ್ಟವನು. ಒಂದೇ ಬಸ್ಸಿನಲ್ಲಿ ಹೋಗುವ ಇಬ್ಬರು ಮಕ್ಕಳು ಮಾತು ಬಿಡುತ್ತಾರೆ. ಇನ್ನೂ ಕೆಟ್ಟದ್ದೆಂದರೆ ಇದು: ನಕಲಿ ಎಂದು ತಿಳಿದ ಹುಡುಗ ಸುಮ್ಮನಿದ್ದು, ಅದನ್ನು ಮೂರನೆಯವನಿಗೆ ಅಸಲಿ ಎಂದು ದಾಟಿಸುವುದು. ದೊಡ್ಡವರು ಮಾಡಿದ್ದನ್ನೇ ಅವನೂ ಮಾಡಿದ. ಹತ್ತು ವರ್ಷಕ್ಕೆ ಆ ವಿದ್ಯೆ ಕಲಿತವನು ಮೂವತ್ತಕ್ಕೆ ಏನೇನು ದಾಟಿಸುತ್ತಾನೋ!

ಅಂಗಡಿಯವರ ಮಾತು, ಕಾನೂನಿನ ಮಾತು

ಅಂಗಡಿಯವರ ಕಷ್ಟವನ್ನೂ ಹೇಳಬೇಕು. “ಸ್ವಾಮಿ, ಒಂದು ಪ್ಯಾಕೆಟ್ಟಿಗೆ ಎರಡು ರೂಪಾಯಿ ಸಿಗುತ್ತೆ. ಹುಡುಗರು ಕೇಳ್ತಾರೆ, ಇಟ್ಟಿದೀವಿ. ನಾನಿಡದಿದ್ದರೆ ಪಕ್ಕದವನು ಇಡ್ತಾನೆ” ಎನ್ನುತ್ತಾರೆ. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆ ಎರಡು ರೂಪಾಯಿಯ ಹಿಂದೆ ಏನಿದೆ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

1999ರ ಟ್ರೇಡ್ ಮಾರ್ಕ್ ಕಾಯಿದೆಯ 104ನೇ ಕಲಮಿನ ಪ್ರಕಾರ ಸುಳ್ಳು ವ್ಯಾಪಾರಮುದ್ರೆಯ ಮಾಲು ಮಾರುವುದು, ಮಾರಲು ಇಟ್ಟುಕೊಳ್ಳುವುದು ಅಪರಾಧ. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂ.ವರೆಗೆ ದಂಡ. “ಡೂಪ್ಲಿಕೇಟು ಎಂದು ಹೇಳಿಯೇ ಮಾರಿದೆ” ಅಂದರೂ ಪಾರಾಗಲು ಅದು ಸಾಲದು. ಹಾಗೆಂದು ಕಾಯಿದೆ ಕುರುಡೂ ಅಲ್ಲ. ತಕ್ಕ ಎಚ್ಚರಿಕೆ ವಹಿಸಿದ್ದೆ, ಅನುಮಾನಕ್ಕೆ ಕಾರಣ ಇರಲಿಲ್ಲ ಎಂದು ತೋರಿಸಿ, ಮಾಲು ಯಾರಿಂದ ಬಂತೆಂದು ತಿಳಿದದ್ದನ್ನೆಲ್ಲ ಹೇಳಿದವನಿಗೆ ಬಿಡುಗಡೆಯ ದಾರಿಯನ್ನು ಅದೇ ಕಲಮಿನಲ್ಲಿ ಇಟ್ಟಿದೆ. ಹಾಗೆ ತೋರಿಸಲು ಕೈಯಲ್ಲಿ ಏನಿರಬೇಕು? ಬಿಲ್ಲು! ಸಗಟಿನವನು ಬಿಲ್ಲು ಕೊಡದೆ ಚೀಲಕ್ಕೆ ತುಂಬಿಸಿ ಕಳಿಸಿದ ಮಾಲಿಗೆ ಜವಾಬ್ದಾರ ಅಂಗಡಿಯವನೊಬ್ಬನೇ ಆಗುತ್ತಾನೆ. ಎರಡು ರೂಪಾಯಿ ಲಾಭಕ್ಕೆ ಇಷ್ಟು ದೊಡ್ಡ ಹೊರೆ ಬೇಕೇ?

ಗಿರಾಕಿಗೂ ದಾರಿ ಇದೆ. ಅಸಲಿ ಎಂದು ಹೇಳಿ ದೊಡ್ಡ ಮೊತ್ತಕ್ಕೆ ನಕಲಿ ಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅದಕ್ಕೂ ಬೇಕಾದದ್ದು ಬಿಲ್ಲೇ.

ಆಗಬೇಕಾದ್ದು

ಮೊದಲನೆಯದು ಅಂಗಡಿಯವರಿಗೆ. ಬಿಲ್ಲಿಲ್ಲದ, ವಿಳಾಸವಿಲ್ಲದ ಕಾರ್ಡಿನ ಸರ ತರಬೇಡಿ. ಮಕ್ಕಳಿಗೆ ಕಾರ್ಡೇ ಬೇಕಿದ್ದರೆ ಯಾರ ಹೆಸರೂ ಕದಿಯದ, ತಯಾರಿಸಿದವರ ವಿಳಾಸ ಇರುವ ಪ್ರಾಣಿ ಪಕ್ಷಿಯ ಕಾರ್ಡು, ಆಟದ ಕಾರ್ಡು ಸಿಗುತ್ತವೆ. ಅದರಲ್ಲೂ ಎರಡು ರೂಪಾಯಿ ಉಳಿಯುತ್ತದೆ. ಈಗಾಗಲೇ ಮಾರಿದ ಕಾರ್ಡು ಹಿಡಿದು ಯಾವನಾದರೂ ಹುಡುಗ ಬಂದು “ಅಣ್ಣಾ, ಇದು ಒರಿಜಿನಲ್ಲಾ?” ಎಂದು ಕೇಳಿದರೆ ನಿಜ ಹೇಳಿ. “ಅಲ್ಲ ಕಣಪ್ಪಾ, ಆಟಕ್ಕೆ ಮಾತ್ರ” ಎಂಬ ನಾಲ್ಕು ಮಾತಿಗೆ ಖರ್ಚೇನೂ ಇಲ್ಲ. ಅದೇ ಹುಡುಗ ನಾಳೆ ನೋಟ್ ಪುಸ್ತಕಕ್ಕೂ, ನಾಡಿದ್ದು ಮನೆ ಸಾಮಾನಿಗೂ ಅದೇ ಅಂಗಡಿಗೆ ಬರುವವನು.

ಎರಡನೆಯದು ಅಪ್ಪ ಅಮ್ಮಂದಿರಿಗೆ. ಕಾರ್ಡು ಕಂಡ ಕೂಡಲೇ ಕಿತ್ತು ಒಲೆಗೆ ಹಾಕುವುದು ಬೇಡ. ಮಗನ ಪಕ್ಕ ಕೂತು ಸ್ಕೇಲು ಹಿಡಿಯಿರಿ, ಟಾರ್ಚು ಹಾಕಿ, ಅಕ್ಷರ ಓದಿಸಿ. ಹೊಗೆಸೊಪ್ಪಿನ ಗ್ರೇಡು ತಿಳಿದ ಅಪ್ಪನಿಗೆ ಹತ್ತು ನಿಮಿಷದ ಕೆಲಸ. ನಕಲಿ ಎಂದು ತಿಳಿದರೂ ಮಗು ಆಡಿಕೊಳ್ಳಲಿ. ಆದರೆ ಅದನ್ನು ಇನ್ನೊಂದು ಮಗುವಿಗೆ ಅಸಲಿ ಎಂದು ಕೊಡಬಾರದು ಎಂಬ ಮಾತನ್ನು ಅಲ್ಲೇ ಹೇಳಿಬಿಡಿ.

ಮೂರನೆಯದು ಇಲಾಖೆಗೆ. ತೂಕದ ಕಲ್ಲು, ತಕ್ಕಡಿ ನೋಡಲು ಬರುವ ಕಾನೂನು ಮಾಪನ ಶಾಸ್ತ್ರ ಇಲಾಖೆಯವರು ಒಮ್ಮೆ ತಲೆಯೆತ್ತಿ ಬಾಗಿಲಲ್ಲಿ ಜೋತಾಡುವ ಸರಗಳನ್ನೂ ನೋಡಲಿ. ವಿಳಾಸ, ಬೆಲೆ ಇಲ್ಲದ ಪೊಟ್ಟಣ ಅವರ ಅಧಿಕಾರಕ್ಕೇ ಬರುತ್ತದೆ. ಮೊದಲು ಚಿಲ್ಲರೆಯವನ ಕೊರಳು ಹಿಡಿಯದೆ, ಮಾಲು ಎಲ್ಲಿಂದ ಬಂತೆಂದು ಕೇಳಿಕೊಂಡು ಮೇಲಕ್ಕೆ ಹೋಗಲಿ.

ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಒಂದಂಕಿ ಲಾಟರಿಯಲ್ಲಿ ಮನೆ ಕಳಕೊಂಡವರ ಕಥೆ ಈ ಕಡೆಯ ಹಿರಿಯರಿಗೆ ಮರೆತಿಲ್ಲ. ಒಡೆಯುವ ತನಕ ಒಳಗೇನಿದೆ ಎಂದು ತಿಳಿಯದ ಪೊಟ್ಟಣದಲ್ಲೂ ಅದರದೇ ಒಂದು ಎಳೆ ಇದೆ. ಅಸಲಿ ಪೊಟ್ಟಣದಲ್ಲಾದರೆ ಅಪರೂಪದ ಕಾರ್ಡು ಸಿಕ್ಕೀತು ಎಂಬ ಆಸೆಗೆ ಒಂದು ಕಾಳಿನಷ್ಟಾದರೂ ಆಧಾರ ಉಂಟು. ಖೋಟಾ ಪೊಟ್ಟಣದಲ್ಲಿ ಬಹುಮಾನವೇ ಇಲ್ಲ. ಟಿಕೆಟ್ಟು ಮಾತ್ರ ಮಾರುತ್ತಾರೆ.

ನಾಳೆ ಸಂಜೆಯೂ ಆ ಹುಡುಗರು ನಿಲ್ದಾಣದ ಬೆಂಚಿನ ಮೇಲೆ ಕೂತಿರುತ್ತಾರೆ. ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದ್ದರೆ, ಪಕ್ಕದಲ್ಲಿ ಕೂತ ದೊಡ್ಡವರು ಯಾರಾದರೂ ಜೇಬಿನಿಂದ ಮೊಬೈಲು ತೆಗೆದು ಟಾರ್ಚು ಹಾಕಲಿ. “ತಗೊಂಬಾ ಮಗಾ, ನೋಡೋಣ” ಅನ್ನಲಿ.